ಸಂಪಾದಕರ ಉತ್ತರ: ತೋಟ ಅಡ ಇಡುವ ಮೊದಲು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮೂರು ಎಕರೆ ಅಡಿಕೆ ತೋಟವಿದೆ, ಅದಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಮಗಳು ಬಿಎಸ್ಸಿ ಅಗ್ರಿ ಮುಗಿಸಿದ್ದಾಳೆ, ಸಸ್ಯರೋಗದ ಬಗ್ಗೆ ಹೊರದೇಶದಲ್ಲಿ ಎಂಎಸ್ಸಿ ಮಾಡುವ ಆಸೆ. ಏಜೆಂಟ್ ಒಬ್ಬ ಇಂಗ್ಲೆಂಡಿನಲ್ಲಿ ಸೀಟು ಕೊಡಿಸಿದ್ದಾನೆ. ಫೀಸು 22,000 ಪೌಂಡ್. "4,000 ಪೌಂಡ್ ಸ್ಕಾಲರ್‌ಶಿಪ್ ಬಂದಿದೆ, ತಿಂಗಳೊಳಗೆ ಡಿಪಾಸಿಟ್ ಕಟ್ಟಿ" ಅಂತ ದಿನಾ ಫೋನು. "ಉಳಿದ ದುಡ್ಡಿಗೆ ತೋಟ ಅಡ ಇಡಲಾ? ಅಥವಾ ಬೇರೆ ಸ್ಕಾಲರ್‌ಶಿಪ್ ಎಲ್ಲಾದರೂ ಇದೆಯಾ?" ಎಂದು ಕೇಳಿದ್ದಾರೆ.

ಅಡ ಇಡಬೇಡಿ. ಈ ವರ್ಷ ಡಿಪಾಸಿಟ್ಟೂ ಕಟ್ಟಬೇಡಿ.

ಆ 4,000 ಪೌಂಡ್ ನಿಮ್ಮ ಕೈಗೆ ಬರುವ ದುಡ್ಡಲ್ಲ, ಫೀಸಿನಲ್ಲಿ ಬಿಡುವ ಡಿಸ್ಕೌಂಟು. ಜವಳಿ ಅಂಗಡಿಯವರು ಆಷಾಢದಲ್ಲಿ ಕೊಡುತ್ತಾರಲ್ಲ, ಅದೇ ಜಾತಿಯದು. 18,000 ಪೌಂಡ್ ನೀವೇ ಕಟ್ಟಬೇಕು. ಅದರ ಮೇಲೆ, ಲಂಡನ್ ಆಗಲಿ ಬೇರೆ ಊರಾಗಲಿ, ಒಂಬತ್ತು ತಿಂಗಳ ಊಟ, ಬಾಡಿಗೆಯ ದುಡ್ಡು 28 ದಿನ ಬ್ಯಾಂಕಿನಲ್ಲಿ ಕದಲದೆ ಇತ್ತು ಎಂದು ವೀಸಾಕ್ಕೆ ತೋರಿಸಬೇಕು. ಏಜೆಂಟ್ ಇದನ್ನು ಹೇಳಿದ್ದಾನಾ? ಅವನಿಗೆ ಯೂನಿವರ್ಸಿಟಿಯಿಂದ ಕಮಿಷನ್ ಬರುತ್ತದೆ. ಮಂಡಿಯಲ್ಲಿ ದಲಾಲಿ ನೋಡಿದವರು ನೀವು, ಜಾಸ್ತಿ ಹೇಳಬೇಕಿಲ್ಲ.

ಇನ್ನು ಅಡದ ಮಾತು. ಸರ್ಕಾರಿ ಬ್ಯಾಂಕುಗಳ ವಿದ್ಯಾಸಾಲ ಸಾಮಾನ್ಯವಾಗಿ 7.5 ಲಕ್ಷ ದಾಟಿತೆಂದರೆ ಆಸ್ತಿ ಕೇಳುತ್ತಾರೆ. ಕೃಷಿ ಜಮೀನನ್ನು ಹೆಚ್ಚಿನ ಕಡೆ ಒಪ್ಪುವುದಿಲ್ಲ. ಮನೆ, ಸೈಟು, ಎಫ್‌ಡಿ ಬೇಕು. ಅಂದರೆ ತೋಟ ಹೋಗಿ ಬೀಳುವುದು ಖಾಸಗಿ ಲೇವಾದೇವಿಯವರ ಕೈಗೆ. ಎಲೆಚುಕ್ಕಿ ಬಂದ ತೋಟದ ಫಸಲು ನಂಬಿ ಆ ಬಡ್ಡಿ ಕಟ್ಟುವುದುಂಟೇ?

ನಾವೆಲ್ಲ ಮಾಡುವ ತಪ್ಪು ಒಂದೇ. ಮೊದಲು ಸೀಟು ಹಿಡಿಯುತ್ತೇವೆ, ಆಮೇಲೆ ದುಡ್ಡು ಹುಡುಕುತ್ತೇವೆ. ದುಡ್ಡು ಎಲ್ಲಿದೆ ಎಂದು ನೋಡಿಕೊಂಡು ಆಮೇಲೆ ದೇಶ ಆರಿಸಬೇಕು. ಸೆಪ್ಟೆಂಬರಿನಲ್ಲಿ ಕ್ಲಾಸು ಎಂದರೆ ಹಿಂದಿನ ವರ್ಷದ ಅಕ್ಟೋಬರ್ ಹೊತ್ತಿಗೇ ಅರ್ಜಿ ಬರೆಯುತ್ತಾ ಕೂತಿರಬೇಕು. ಸೀಟು ಸಿಕ್ಕ ಮೇಲೆ ಕೇಳಿದರೆ ಉಳಿದಿರುವುದು ಈ ಡಿಸ್ಕೌಂಟುಗಳೇ.

ನಿಮ್ಮ ಮಗಳ ವಿಷಯಕ್ಕೆ ನಾನಾಗಿದ್ದರೆ ಮೊದಲು ಜರ್ಮನಿ ನೋಡುತ್ತಿದ್ದೆ. ಅಲ್ಲಿನ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕವೇ ಇಲ್ಲ, ಸೆಮಿಸ್ಟರಿಗೊಂದು ಸಣ್ಣ ಮೊತ್ತ ಅಷ್ಟೇ. ಗಟ್ಟಿಂಗೆನ್‌ನಲ್ಲಿ ಬೆಳೆ ರಕ್ಷಣೆಯ ಎಂಎಸ್ಸಿಯನ್ನು ಇಂಗ್ಲಿಷಿನಲ್ಲೇ ಓದಬಹುದು. ಆದರೆ ಕೃಷಿಗೆ ಹೆಸರಾದ ಹೋಹೆನ್‌ಹೈಮ್ ಯೂನಿವರ್ಸಿಟಿ ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು. ಹಾಗಂತ ಜರ್ಮನಿ ಪುಕ್ಕಟೆ ಅಲ್ಲ. ಒಂದು ವರ್ಷದ ಖರ್ಚು, ಸುಮಾರು 12,000 ಯೂರೋ, ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು. ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ಮಗಳಿಗೇ ವಾಪಸ್ ಬರುತ್ತದೆ. ಮಾರ್ಕ್ಸ್‌ಕಾರ್ಡ್ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಪೂರ್ತಿ ದುಡ್ಡು ಕೊಡುವುದು ಬೇಕೆಂದರೆ ಎರಾಸ್ಮಸ್ ಮುಂಡುಸ್ ಇದೆ. ಯುರೋಪಿನ ಹಲವು ಯೂನಿವರ್ಸಿಟಿ ಸೇರಿ ನಡೆಸುವ ಎಂಎಸ್ಸಿಗಳು. ಆಯ್ಕೆಯಾದರೆ ಫೀಸಿಲ್ಲ, ಖರ್ಚಿಗೆ ತಿಂಗಳಿಗೆ 1,400 ಯೂರೋ, ಕೋರ್ಸ್ ಮುಗಿಯುವತನಕ. ಕೆಲಸದ ಅನುಭವ ಕಡ್ಡಾಯ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ, ಹಾಗಾಗಿ ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿ ಹಾಕಬಹುದು. ಪೈಪೋಟಿ ಮಾತ್ರ ಜೋರು.

ಉಳಿದ ದೊಡ್ಡ ಸ್ಕಾಲರ್‌ಶಿಪ್ಪುಗಳು ಕೆಲಸದ ಅನುಭವ ಕೇಳುತ್ತವೆ. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷ, ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್‌ಗೆ ಮೂರು ವರ್ಷ, ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿಗೆ ಸಂಬಂಧಪಟ್ಟ ಕೋರ್ಸುಗಳಿಗೆ ಕೊಡುವುದಕ್ಕೆ ಎರಡು ವರ್ಷ. ಹಾಗಾಗಿ ಮಗಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಅಡಿಕೆ ಸಂಶೋಧನೆಯ ಪ್ರಾಜೆಕ್ಟಿನಲ್ಲೋ ಎರಡು ವರ್ಷ ದುಡಿದರೆ ಅದು ವ್ಯರ್ಥವಲ್ಲ. ನಿಮ್ಮ ತಾಲ್ಲೂಕಿನವರೇ ಆದ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ಪಿನ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು ಕಾಲೇಜಿನಲ್ಲಿ ಪಾಠ ಮಾಡಿದ ಮೇಲೆಯೇ. ಡಾಕ್ಟರೇಟ್ ಬಂದದ್ದು 1966ರಲ್ಲಿ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಕೃಷಿ ವಿಷಯದಲ್ಲಿ ಸಂಶೋಧನಾ ಎಂಎಸ್ಸಿಗೂ ಪಿಎಚ್‌ಡಿಗೂ ದುಡ್ಡು ಹೆಚ್ಚಾಗಿ ಪ್ರೊಫೆಸರರ ಪ್ರಾಜೆಕ್ಟಿನಿಂದಲೇ ಬರುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡಿಸಿಕೊಂಡು ಫೀಸು ಮನ್ನಾ ಮಾಡಿ ಸಂಬಳವನ್ನೂ ಕೊಡುತ್ತಾರೆ. ಅದಕ್ಕೆ ಸ್ಕಾಲರ್‌ಶಿಪ್ ಅರ್ಜಿಗಿಂತ, ಆ ಪ್ರೊಫೆಸರರ ಎರಡು ಪೇಪರ್ ಓದಿ ಬರೆದ ಒಂದು ಇಮೇಲ್ ಕೆಲಸ ಮಾಡುತ್ತದೆ.

ನಮ್ಮಲ್ಲೇ ಇರುವುದೂ ಇದೆ. ಜಮ್ಶೆಟ್‌ಜಿ ಟಾಟಾ 1892ರಲ್ಲಿ ಶುರುಮಾಡಿದ ಜೆ.ಎನ್. ಟಾಟಾ ಎಂಡೋಮೆಂಟ್ ಇಂದಿಗೂ ಕೊಡುತ್ತಿದೆ. ಅದು ಸಾಲ, ತೀರಿಸಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿಯಿಲ್ಲದ ಕೃಷಿ ಕೂಲಿ ಮನೆಯ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆಯೂ ಇದೆ. ನಿಮಗೆ ಅನ್ವಯವಾಗುತ್ತದೋ ಪತ್ರದಲ್ಲಿ ಹೇಳಿಲ್ಲ. ಬೇರೆ ಓದುಗರಿಗಾದರೂ ಬೇಕಾಗಬಹುದು ಎಂದು ಬರೆದೆ.

ಶಿಫಾರಸು ಪತ್ರದ ಬಗ್ಗೆ ನನ್ನದೊಂದು ಸಂಕಟ ಹೇಳಿಬಿಡುತ್ತೇನೆ. ನಾನು ಹುಡುಗನಾಗಿದ್ದಾಗ ಒಮ್ಮೆ ಇಂಥ ಅರ್ಜಿ ಹಾಕಿದ್ದೆ. ನಮ್ಮ ಮೇಷ್ಟ್ರು "ಈತ ವಿನಯವಂತ, ಸನ್ನಡತೆಯವನು" ಎಂದು ಬರೆದುಕೊಟ್ಟರು. ಮದುವೆ ಸಂಬಂಧಕ್ಕೆ ಸರಿಯಾಗುತ್ತಿತ್ತು! ಸ್ಕಾಲರ್‌ಶಿಪ್ ಬರಲಿಲ್ಲ. ಮಗಳ ಮೇಷ್ಟ್ರು ಅವಳು ಮಾಡಿದ ಒಂದು ಪ್ರಯೋಗ, ಅದರಲ್ಲಿ ಕಂಡದ್ದು, ಎಡವಿದ್ದು, ಇಷ್ಟನ್ನು ಬರೆಯಲಿ. ಒಂದೂವರೆ ತಿಂಗಳು ಮೊದಲೇ ಕೇಳಿಡಿ.

ಅರ್ಜಿಯ ಪ್ರಬಂಧ ಅವಳೇ ಬರೆಯಲಿ, ಏಜೆಂಟನಿಂದ ಬರೆಸಬೇಡಿ. "ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ" ಎಂಬ ಸಾಲು ಬೇಡವೇ ಬೇಡ. ಎಲೆಚುಕ್ಕಿ ನಿಮ್ಮ ತೋಟಕ್ಕೆ ಯಾವ ಮಳೆಗಾಲದಲ್ಲಿ ಬಂತು, ಮೊದಲು ಯಾವ ಎಲೆಯಲ್ಲಿ ಕಂಡಿತು, ಏನು ಸಿಂಪಡಿಸಿದಿರಿ, ಎಷ್ಟು ಮರ ಉಳಿಯಿತು, ಅಲ್ಲಿಂದ ಶುರುಮಾಡಲಿ. ಬರೆದದ್ದನ್ನು ನನಗೆ ಕಳಿಸಿದರೆ ಓದಿ ಹೇಳುತ್ತೇನೆ. ಅಡಿಕೆ ಕೊಯ್ಲು ಮುಗಿಯುವವರೆಗೂ ಕಾಯಬೇಡಿ, ಅಕ್ಟೋಬರ್ ದೂರವಿಲ್ಲ.