ಶಾರ್ಜಾಕ್ಕೆ ಬೇಕಿಂಗ್ ಪೌಡರ್ ತರಿಸುವ ಮುನ್ನ

ಶಾರ್ಜಾದ ಅಕ್ಕನವರಿಗೆ ನಮಸ್ಕಾರ. ನಿಮ್ಮ ಬೇಕರಿ ಸಾಮಾನಿನ ಅಂಗಡಿ ಈಗಾಗಲೇ ನಡೆಯುತ್ತಿದೆ, ಮುಂಬೈಯಿಂದ 20 ಅಡಿಯ ಕಂಟೇನರ್ ತುಂಬ ಬೇಕಿಂಗ್ ಪೌಡರ್ ನೇರವಾಗಿ ತರಿಸಿ ಕೆಫೆಟೇರಿಯಾಗಳಿಗೆ, ಬೇಕರಿಗಳಿಗೆ, ಮನೆಯಲ್ಲೇ ಕೇಕ್ ಮಾಡುವವರಿಗೆ ಹಂಚಿದರೆ ಗಿಟ್ಟುತ್ತದೆಯೇ ಎಂದು ಕೇಳಿದ್ದೀರಿ. ದುಬೈಯ ದೇರಾದಲ್ಲಿ ಹದಿನಾಲ್ಕು ವರ್ಷದಿಂದ ಇದೇ ವ್ಯಾಪಾರದಲ್ಲಿದ್ದೇನೆ. ಗಿಟ್ಟುತ್ತದೆ, ಆದರೆ ಮೊದಲ ಸಲವೇ ಕಂಟೇನರ್ ಬೇಡ.

ಲೆಕ್ಕ ನೋಡಿ. 20 ಅಡಿಯ ಕಂಟೇನರ್‌ನಲ್ಲಿ ಒಂದರ ಮೇಲೊಂದು ಪೇರಿಸದೆ 10 ಪ್ಯಾಲೆಟ್ (ಸರಕು ಜೋಡಿಸುವ ಹಲಗೆಯ ಅಟ್ಟಣೆ) ಕೂರುತ್ತವೆ. ಪ್ಯಾಲೆಟ್‌ಗೆ 25 ಕಿಲೋದ 40 ಚೀಲ ಎಂದರೆ ಒಟ್ಟು 10 ಟನ್. ಕಿಲೋ ಮೈದಾಕ್ಕೆ 30 ಗ್ರಾಂ ಹಿಡಿದರೂ ಅಷ್ಟು ಪುಡಿ 330 ಟನ್‌ಗಿಂತ ಹೆಚ್ಚು ಮೈದಾವನ್ನು ಉಬ್ಬಿಸುತ್ತದೆ. ನಿಮ್ಮ ಗಿರಾಕಿಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ಮೈದಾ ಬಳಸುತ್ತಾರೆಂದು ಮೊದಲು ಬರೆದಿಡಿ. ಉಳಿದ ಪುಡಿ ಗೋದಾಮಿನಲ್ಲಿ ಸುಮ್ಮನೆ ಕೂರುವುದಿಲ್ಲ, ದಿನದಿನಕ್ಕೂ ಸತ್ವ ಕಳೆದುಕೊಳ್ಳುತ್ತದೆ.

ಇದರಲ್ಲಿ ಇರುವುದು ಅಡುಗೆ ಸೋಡಾ, ಪುಡಿಯ ರೂಪದ ಒಂದೋ ಎರಡೋ ಆಮ್ಲ, ಅವೆರಡನ್ನೂ ಒಣಗಿಸಿಡುವ ಕಾರ್ನ್‌ಫ್ಲೋರ್. ನೀರಿನ ಪಸೆ ತಾಗಿದರೆ ಚೀಲದೊಳಗೇ ಸೋಡಾ ಮತ್ತು ಆಮ್ಲ ಕೂಡಿ, ಕೇಕ್ ಉಬ್ಬಿಸಬೇಕಾದ ಅನಿಲ ಹೊರಡತೊಡಗುತ್ತದೆ. ಸಾಲದೆಂಬಂತೆ, ಸುಮಾರು 50 ಡಿಗ್ರಿ ದಾಟಿದರೆ ಸೋಡಾ ತಾನಾಗಿಯೇ ನಿಧಾನಕ್ಕೆ ಒಡೆಯತೊಡಗುತ್ತದೆ. ಅಂಥ ಪುಡಿಯ ಕೇಕ್ ಉಬ್ಬುವುದೂ ಕಡಿಮೆ, ಬಾಯಲ್ಲಿ ಸಾಬೂನಿನ ರುಚಿ ಬೇರೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಂಟೇನರ್ ಒಳಗೆ ಎಷ್ಟು ಕಾದಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಒಂದು ಆಗಸ್ಟ್‌ನಲ್ಲಿ ನಾನು ಈ ಪಾಠ ಕಲಿತೆ. ಮಳೆಗಾಲದಲ್ಲಿ ಮುಂಬೈಯಲ್ಲಿ ತುಂಬಿಸಿದ ಸರಕು, ಕೆಳಗೆ ಹಸಿ ಮರದ ಪ್ಯಾಲೆಟ್. ಹಗಲು ಕಾದು ಮರದಿಂದ ಎದ್ದ ಆವಿ ರಾತ್ರಿ ತಗಡಿನ ಛಾವಣಿಗೆ ತಾಗಿ ಹನಿಯಾಗಿ ಬಿದ್ದಿತ್ತು. ಬಾಗಿಲು ತೆರೆದಾಗ ಮೇಲುನೋಟಕ್ಕೆ ಎಲ್ಲ ಸರಿಯಾಗಿಯೇ ಇತ್ತು. ಮೇಲಿನ ಸಾಲಿನ ಒಂದು ಚೀಲವನ್ನು ಹೆಬ್ಬೆರಳಿನಿಂದ ಒತ್ತಿದೆ, ಬೆರಳು ಇಳಿಯಲಿಲ್ಲ. ಹೊಲಿಗೆಯ ಹತ್ತಿರ ಒಳಗಿನ ಪ್ಲಾಸ್ಟಿಕ್ ಸೀಳಿತ್ತು, ಪುಡಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಜರಡಿ ಹಿಡಿದು ಮಾರಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಜರಡಿ ಹಿಡಿದರೆ ಗಂಟು ಒಡೆಯುತ್ತದೆ, ಆದರೆ ಹೋದ ಅನಿಲ ಮರಳಿ ಬರುವುದಿಲ್ಲ. ನಮ್ಮನ್ನು ನಂಬಿ ಮೊಟ್ಟೆ, ಬೆಣ್ಣೆ, ಸಕ್ಕರೆ ಎಲ್ಲ ಸುರಿದವರ ಕೇಕ್ ಚಪ್ಪಟೆಯಾಗಬಾರದು. 38 ಚೀಲ ಎಸೆದೆ.

ಅಂದಿನಿಂದ ತೂಕದ ಪರೀಕ್ಷೆ ಮಾಡದೆ ಒಂದು ಚೀಲವನ್ನೂ ಹೊರಗೆ ಕಳುಹಿಸಿಲ್ಲ. 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಒಂದೇ ಬಗೆಯ ಎರಡು ಲೋಟಗಳಿಗೆ 100 ಮಿಲಿ ಬಿಸಿನೀರು ಹಾಕಿ. 10 ಗ್ರಾಂ ಪುಡಿಯನ್ನು ಕಾಗದದ ಮೇಲಿಟ್ಟು, ಆ ಕಾಗದ, ಒಂದು ಲೋಟ, ಒಂದು ಚಮಚ ಮೂರನ್ನೂ ಒಟ್ಟಿಗೆ ತೂಗಿ ಬರೆದುಕೊಳ್ಳಿ. ಇನ್ನೊಂದು ಲೋಟವನ್ನು ಬರಿಯ ನೀರಿನೊಂದಿಗೆ ತೂಗಿ. ಈಗ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ, ಉಕ್ಕಿ ಹೊರಚೆಲ್ಲದಂತೆ ಮೊದಲ ಲೋಟಕ್ಕೆ ಸುರಿದು ಕದಡಿ. ಗುಳ್ಳೆ ಪೂರ್ತಿ ನಿಂತ ಮೇಲೆ ಕಾಗದ, ಚಮಚ ಸಮೇತ ಮತ್ತೆ ತೂಗಿ. ಬರಿಯ ನೀರಿನ ಲೋಟದಲ್ಲಿ ಇಳಿದ ತೂಕ ಆವಿಯದು, ಅದನ್ನು ಕಳೆಯಿರಿ. ಒಳ್ಳೆಯ ಪುಡಿಯಾದರೆ 1.2ರಿಂದ 1.5 ಗ್ರಾಂ ಅನಿಲವಾಗಿ ಹೋಗಿ ತೂಕ ಅಷ್ಟು ಇಳಿಯುತ್ತದೆ. ಅಮೆರಿಕದಲ್ಲಿ ಒಪ್ಪಿಕೊಂಡ ಕನಿಷ್ಠ ಮಟ್ಟವೂ ತೂಕದ ಶೇ. 12. ಒಂದು ಗ್ರಾಂಗಿಂತ ಕಡಿಮೆ ಇಳಿದರೆ ಆ ಚೀಲ ಮಾರಬೇಡಿ.

ಯುರೋಪಿನ ಡಬ್ಬಗಳ ಮುಂದೆ ನಮ್ಮ ಊರಿನ ಪುಡಿ ನಿಲ್ಲುವುದೇ ಎಂಬ ಅಳುಕು ಬೇಡ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾರಿ ಕೆಟ್ಟಾಗ ಅಲ್ಲಿನ ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿ, ಡಬ್ಬದ ಆಯಸ್ಸು ನೀರಿನ ಮೇಲೆಯೇ ಕರಗಿತು. ಮುಂಬೈಯಿಂದ ದುಬೈಯ ಜೆಬೆಲ್ ಅಲಿ ಬಂದರಿಗೆ ಸಮುದ್ರದ ಮೇಲಿನ ದಾರಿ ಕೆಲವೇ ದಿನ. ತಾಜಾ ಪುಡಿ ಕೊಡುವುದೇ ನಿಮ್ಮ ಬಲ. ಅದನ್ನು ಉಳಿಸಿಕೊಳ್ಳಬೇಕಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ತುಂಬಿಸಿ. ಒಣಗಿದ ಪ್ಯಾಲೆಟ್, ಛಾವಣಿಯಡಿ ತೇವ ಹೀರುವ ಚೀಲಗಳು, ಇತ್ತೀಚೆಗೆ ತಯಾರಾದ ಒಂದೇ ಬ್ಯಾಚ್, ಇವನ್ನು ಆರ್ಡರ್‌ನಲ್ಲೇ ಬರೆಸಿ. ಬೇಸಿಗೆಯಲ್ಲಿ ತರಿಸಲೇಬೇಕಾಗಿ ಬಂದರೆ ನಸುಕಿನಲ್ಲೇ ಇಳಿಸಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಲಾರಿ ತಡವಾಗಿ ಬಂದರೆ ಸರಕು ಅಷ್ಟೂ ಹೊತ್ತು ಕಾಯುತ್ತದೆ.

ಕಾಗದಪತ್ರದ ವಿಷಯ ಚಿಕ್ಕದು. ಬೇಕಿಂಗ್ ಪೌಡರ್‌ನ ಕಸ್ಟಮ್ಸ್ ಕೋಡ್ 2102.30, ಅಡುಗೆ ಸೋಡಾದ್ದು 2836.30. ಇವೆರಡನ್ನು ಬೆರೆಸಬೇಡಿ. ಕೊಲ್ಲಿ ರಾಷ್ಟ್ರಗಳ ಸಾಮಾನ್ಯ ಸುಂಕ ಶೇ. 5, ಅದನ್ನು ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸಿದ ಬೆಲೆಯ ಮೇಲೆ ಹಾಕುತ್ತಾರೆ. ವ್ಯಾಟ್ ಶೇ. 5 ಬೇರೆ. ಲೇಬಲ್‌ನಲ್ಲಿ ಅರಬ್ಬಿ ಇರಲೇಬೇಕು, ಅದರ ಮಾದರಿಗೆ ಸರಕು ಹೊರಡುವ ಮೊದಲೇ ಒಪ್ಪಿಗೆ ಪಡೆಯಿರಿ. ಇ541 ಎಂದು ಕಂಡರೆ ಅದು ಅಲ್ಯೂಮಿನಿಯಂ ಇರುವ ಆಮ್ಲ. ಮನೆಯಲ್ಲಿ ಕೇಕ್ ಮಾಡುವ ಹೆಣ್ಣುಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ, ಅಲ್ಯೂಮಿನಿಯಂ ಇಲ್ಲದ ಇ450 ಮತ್ತು ಇ341 ಆಮ್ಲಗಳಿರುವುದನ್ನೇ ಆರಿಸಿ.

ಹಂಚುವಾಗ ಗಿರಾಕಿಯ ಅಡುಗೆಮನೆಗೆ ಒಮ್ಮೆ ಹೋಗಿಬನ್ನಿ. ಬೆಳಿಗ್ಗೆ ಕಲಸಿದ ಹಿಟ್ಟನ್ನು ಹನ್ನೊಂದರವರೆಗೆ ಇಟ್ಟುಕೊಂಡು ಬೇಯಿಸುವ ಕೆಫೆಟೇರಿಯಾಕ್ಕೆ ಬೇಗ ಅನಿಲ ಬಿಡುವ ಪುಡಿ ಕೊಟ್ಟರೆ ಮರುದಿನವೇ ದೂರು ಬರುತ್ತದೆ. ಅವರಿಗೆ ಸ್ಯಾಪ್ (ಸೋಡಿಯಂ ಆಸಿಡ್ ಪೈರೋಫಾಸ್ಫೇಟ್) 28ರಂಥ ನಿಧಾನದ ಆಮ್ಲ ಬೇಕು. ಆ 28 ಎಂದರೆ ಕಲಸಿದ ಮೊದಲ 8 ನಿಮಿಷದಲ್ಲಿ ಅನಿಲದ ಶೇ. 28ರಷ್ಟು ಮಾತ್ರ ಹೊರಬರುತ್ತದೆ, ಮಿಕ್ಕದ್ದರಲ್ಲಿ ಹೆಚ್ಚಿನ ಪಾಲು ಒಲೆಯ ಬಿಸಿಗೆ ಕಾಯುತ್ತದೆ ಎಂದರ್ಥ. ಮನೆಯವರಿಗೆ 100 ಗ್ರಾಂ ಡಬ್ಬವೇ ಸರಿ, ಕಿಲೋ ಪ್ಯಾಕೆಟ್ ಬೇಡ. ಅಂಗಡಿಯಲ್ಲೇ ಚೀಲ ಬಿಚ್ಚಿ ಪ್ಯಾಕ್ ಮಾಡುವ ಯೋಚನೆಯನ್ನು ದಯವಿಟ್ಟು ಬಿಡಿ. ಅದಕ್ಕೆ ಪರವಾನಗಿಯೂ ಬೇಕು, ತೇವ ಅಳೆಯುವ ಮೀಟರ್ ಇರುವ ಎಸಿ ಕೋಣೆಯೂ ಬೇಕು.

ಸೂಪರ್ ಮಾರ್ಕೆಟ್‌ಗಳಿಗೆ ಈಗಲೇ ಕೈ ಹಾಕಬೇಡಿ. ಅವಧಿ ಮೀರಿದ ಡಬ್ಬಗಳು ತಿರುಗಿ ಬರುವುದು ನಮ್ಮ ತಲೆಯ ಮೇಲೆಯೇ. ಸಾಲವೆಂದರೆ ಇಲ್ಲಿ ಮುಂದಿನ ತಾರೀಖಿನ ಚೆಕ್ಕು. 2022ರ ಜನವರಿಯಿಂದ ಕಾನೂನು ಬದಲಾಗಿ, ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಮೊದಲಿನಂತೆ ಪೊಲೀಸ್ ಪ್ರಕರಣವಾಗುವುದಿಲ್ಲ. ಹೊಸ ಗಿರಾಕಿಗೆ ಮೊದಲ ಮೂರು ತಿಂಗಳು ನಗದು ಮಾತ್ರ ಇರಲಿ.

ಸದ್ಯಕ್ಕೆ ಹೀಗೆ ಮಾಡಿ. ದೇರಾದ ಯಾವುದಾದರೂ ಆಮದುದಾರರಿಂದ ಹತ್ತು ಚೀಲ ಕೊಂಡು ಮಾರಿ, ಖಾಲಿಯಾಗಲು ಎಷ್ಟು ದಿನ ಬೇಕಾಯಿತೆಂದು ಗುರುತಿಸಿ. ಆ ಲೆಕ್ಕ ಕೈಗೆ ಬಂದ ಮೇಲೆ, ಮುಂಬೈಯಿಂದ ಕಸ್ಟರ್ಡ್ ಪೌಡರ್, ಕೋಕೋದಂಥ ಒಣ ಸರಕು ತರಿಸುವವರ ಕಂಟೇನರ್‌ನಲ್ಲಿ ನಿಮ್ಮದೊಂದು ಪ್ಯಾಲೆಟ್ ಸೇರಿಸಿ. ಈರುಳ್ಳಿ, ಒಣಮೀನಿನ ಜೊತೆ ಖಂಡಿತ ಬೇಡ. ಸರಕು ಬಂದ ದಿನ ಮೇಲಿನ ಸಾಲಿನದೊಂದು, ಬಾಗಿಲ ಬಳಿಯದೊಂದು, ನಡುವಿನದೊಂದು ಚೀಲ ಬಿಚ್ಚಿ ತೂಗಿ, ಮೂರರ ಅಂಕಿಗಳನ್ನೂ ನನಗೆ ಬರೆದು ತಿಳಿಸಿ. ನನ್ನ ಹಳೆಯ ಪುಸ್ತಕದ ಅಂಕಿಗಳ ಜೊತೆ ಹೋಲಿಸಿ ಅಂದೇ ಉತ್ತರ ಬರೆಯುತ್ತೇನೆ.