ಪುಶ್ ಮಾಡುವಾಗ 413 ಬಂದ್ರ ರಿಜಿಸ್ಟ್ರಿ ಕೆಟ್ಟಿಲ್ಲ
ಬೀದರ್‌ನ ನಿಮ್ಮ ಸ್ವಂತ ಸರ್ವರ್‌ನ್ಯಾಗಿನ ಡಾಕರ್ ರಿಜಿಸ್ಟ್ರಿಗೆ (ಇಮೇಜ್ ಅಂದ್ರ ಕಟ್ಟಿಟ್ಟ ಪ್ರೋಗ್ರಾಂ ಪ್ಯಾಕೇಜ್, ಅವನ್ನ ಕೂಡಿಡೋ ಜಾಗ ರಿಜಿಸ್ಟ್ರಿ) ಪುಶ್ ಮಾಡಿದ್ರ ಸಣ್ಣ ಇಮೇಜ್ ಹೋಗ್ತಾವ, ದೊಡ್ಡವು 413 ಎರರ್ (ಕಳಿಸಿದ್ದು ಭಾಳ ದೊಡ್ಡದು ಅಂತ ಅರ್ಥ) ಕೊಟ್ಟು ನಿಲ್ತಾವ ಅಂತ ಕೇಳೀರಿ. ತಪ್ಪು ರಿಜಿಸ್ಟ್ರಿದಲ್ರೀ, ಅದರ ಮುಂದ ಕುಂತಿರೋ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಪ್ರೋಗ್ರಾಂದು. ನಾವು ಹೇಳದಿದ್ರ ಅದು 1 ಎಂಬಿಗಿಂತ ದೊಡ್ಡ ರಿಕ್ವೆಸ್ಟ್ ಒಳಗ ಬಿಡಂಗಿಲ್ಲ. ಇಮೇಜಿನ ಲೇಯರ್‌ಗಳು, ಅಂದ್ರ ಅದರ ತುಂಡುಗಳು, ಅದಕ್ಕಿಂತ ಎಷ್ಟೋ ದೊಡ್ಡವು. ಎಂಜಿನ್‌ಎಕ್ಸ್ ಕಾನ್ಫಿಗ್‌ನ್ಯಾಗ 'ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್' 0 (ಅಂದ್ರ ಮಿತಿ ಇಲ್ಲ) ಅಂತ ಹಾಕಿ ರೀಲೋಡ್ ಮಾಡ್ರಿ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ರಿಜಿಸ್ಟ್ರಿ ಓಡೋ ಡಾಕರ್ ಕಂಟೇನರ್‌ನೊಳಗಿನ '/ವಾರ್/ಲಿಬ್/ರಿಜಿಸ್ಟ್ರಿ' ಫೋಲ್ಡರನ್ನ (ಇಮೇಜ್ ಎಲ್ಲಾ ಇಲ್ಲೇ ಇರ್ತಾವ) ಸರ್ವರ್ ಡಿಸ್ಕಿಗೆ ಮೌಂಟ್ ಮಾಡೀರೇನು, ಅಂದ್ರ ಜೋಡಿಸೀರೇನು? ಕಲಬುರಗಿಯೊಳಗ ನಾನು ಮಾಡಿರಲಿಲ್ಲ. ಹಳೇ ಕಂಟೇನರ್ ತೆಗೆದು ಹೊಸದು ಹಚ್ಚಿದೆ, ಒಂದು ಇಮೇಜೂ ಕಾಣಲಿಲ್ಲ. ರಾತ್ರಿಯಿಡೀ ಕುಂತು ಎಲ್ಲಾ ಮತ್ತ ಬಿಲ್ಡ್ ಮಾಡಿದೆ. ನಿಮಗ ಹಂಗ ಆಗಬಾರದು.

ಇನ್ನೊಂದು, ರಿಜಿಸ್ಟ್ರಿಗೆ ಲಾಗಿನ್ ಆಗೋ ಪಾಸ್‌ವರ್ಡ್ ಫೈಲ್ ಬಿಕ್ರಿಪ್ಟ್ ಅನ್ನೋ ಹ್ಯಾಶ್‌ನ್ಯಾಗೇ (ಪಾಸ್‌ವರ್ಡ್ ಮುಚ್ಚಿಡೋ ಒಂದು ರೀತಿ) ಇರ್ಲಿ, ಬ್ಯಾರೆ ಹ್ಯಾಶ್ ರಿಜಿಸ್ಟ್ರಿ ಒಪ್ಪಂಗಿಲ್ಲ. 0 ಹಾಕಿದ ಮ್ಯಾಲೂ 413 ಬಂದ್ರ ಎಂಜಿನ್‌ಎಕ್ಸ್ ಲಾಗ್ ಇಲ್ಲೇ ಹಾಕ್ರಿ, ನೋಡ್ತೀನಿ.