ವಿಡಂಬನೆ ನೋಡಿದರೆ ಯೋಚಿಸೋ ಬುದ್ಧಿ ಬರುತ್ತಾ?

"ನನ್ನ ಮಗ ಪೇಪರ್ ಮುಟ್ಟೋದಿಲ್ಲ, ರಾಜಕೀಯ ವಿಡಂಬನೆಯ ವಿಡಿಯೋ ಮಾತ್ರ ನೋಡ್ತಾನೆ. ಇದರಿಂದ ಅವನಿಗೆ ಯೋಚಿಸೋ ಬುದ್ಧಿ ಬರುತ್ತಾ?" ಅಂತ ಕೇಳಿದ್ದೀರಿ. ಖಂಡಿತ ಬರುತ್ತೆ. ಆದರೆ ನಕ್ಕು ಅಲ್ಲಿಗೇ ಬಿಟ್ಟರೆ ಬರೋದಿಲ್ಲ.

ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಒಮ್ಮೆ ತರಗತಿಗೆ ಅಬು ಅಬ್ರಹಾಂ ಅವರ ಹಳೆಯ ವ್ಯಂಗ್ಯಚಿತ್ರ ತಗೊಂಡು ಹೋಗಿದ್ದೆ. 1975ರ ಡಿಸೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆಯೇ, ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂದದ್ದು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ (ಸಂಸತ್ತಿನ ಅಧಿವೇಶನ ಇಲ್ಲದಾಗ ತರೋ ತಾತ್ಕಾಲಿಕ ಕಾನೂನಿಗೆ) ಸಹಿ ಹಾಕಿ, ಬಾಗಿಲ ಸಂದಿಯಿಂದ ಚಾಚಿದ ಕೈಗೆ ಕಾಗದ ಕೊಡ್ತಿದ್ದಾರೆ. ಮಕ್ಕಳೆಲ್ಲ ತೊಟ್ಟಿ ನೋಡಿ ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ಸರ್, ಸ್ನಾನ ಮುಗಿಯೋವರೆಗೂ ಕಾಯೋಕೆ ಆಗದಷ್ಟು ಅವಸರ ಏನಿತ್ತು?" ಅಂದಳು. ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ಇಡೀ ಪೀರಿಯಡ್ ಕಳೆದೆವು. ಸುಗ್ರೀವಾಜ್ಞೆ ಯಾವಾಗ ಹೊರಡಿಸಬಹುದು, ಸಂಸತ್ತಿಗೆ ಅದು ಯಾವಾಗ ಬರಬೇಕು, ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಬಿದ್ದ ಮೇಲೆ ಮಂತ್ರಿಮಂಡಲ ಒಪ್ಪಿದ್ದು ಮರುದಿನ ಬೆಳಿಗ್ಗೆ ಅನ್ನೋದು, ಎಲ್ಲ ಬಂತು. ಪಠ್ಯಪುಸ್ತಕ ಓದಿಸಿದಾಗ ಯಾರೂ ಇಷ್ಟು ಕೇಳಿರಲಿಲ್ಲ.

ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ಹೊಸದೂ ಅಲ್ಲ. ಚಿಕ್ಕವನಿದ್ದಾಗ ಗದ್ದೆಬಯಲಲ್ಲಿ ಕಂಬಳಿ ಹೊದ್ದು ಕೂತು ನೋಡಿದ ಒಂದು ಯಕ್ಷಗಾನ ಇನ್ನೂ ನೆನಪಿದೆ. ದೂತನ ವೇಷದ ಹಾಸ್ಯಗಾರ ಏದುಸಿರು ಬಿಡುತ್ತ ಬಂದು "ಕೋಟೆ ಬಿತ್ತು ಪ್ರಭು!" ಅಂದ. "ಕಣ್ಣಾರೆ ಕಂಡೆಯಾ?" "ಇಲ್ಲ ಪ್ರಭು, ಕಂಡವರಿಂದ ಕೇಳಿದವರು ಹೇಳಿದರು." ನಮ್ಮ ಅಪ್ಪಯ್ಯ ಈಗಲೂ ಟಿವಿಯಲ್ಲಿ "ಮೂಲಗಳ ಪ್ರಕಾರ" ಅಂತ ಬಂದ ಕೂಡಲೇ, "ಕಂಡವನೋ, ಕೇಳಿದವನೋ?" ಅಂತಾರೆ.

ನಮ್ಮ ಜಿಲ್ಲೆಯ ಕೊನಗವಳ್ಳಿಯ ಲಂಕೇಶರು 1980ರಲ್ಲಿ ಜಾಹೀರಾತೇ ಇಲ್ಲದ ವಾರಪತ್ರಿಕೆ ಶುರು ಮಾಡಿ, ಮುಖ್ಯಮಂತ್ರಿ ಗುಂಡೂರಾವ್ ಅವರನ್ನು "ಗುಂ" ಅಂತ ಕರೆದರು. ಆ ಹೆಸರಿಗೆ ಜನ ನಕ್ಕರು ನಿಜ, ಪುಟ ತಿರುಗಿಸಿದರೆ ವರದಿಯೂ ಇರುತ್ತಿತ್ತು. ನಿಮ್ಮ ಮಗ ನೋಡೋ ವಿಡಿಯೋದಲ್ಲೂ ಇದನ್ನೇ ಹುಡುಕಬೇಕು. ಯಾರದೋ ಹೊಟ್ಟೆ, ಹಲ್ಲು, ಮಾತಿನ ಧಾಟಿ ಆಡಿಕೊಂಡು ಮುಗಿಸೋದನ್ನು ನಾನು ವಿಡಂಬನೆ ಅಂತ ಒಪ್ಪೋದೇ ಇಲ್ಲ. ಅಂಥದ್ದನ್ನು ಕಂಡರೆ ಸಿಟ್ಟು ಬರುತ್ತೆ. ಒಂದೇ ಪಕ್ಷವನ್ನು ಹಿಡಿದು ಜಗ್ಗಿ, ಇನ್ನೊಂದರ ತಂಟೆಗೇ ಹೋಗದವರ ಬಗ್ಗೆಯೂ ಹುಷಾರಾಗಿರಬೇಕು.

ಅವನ ಫೋನ್ ಮಾತ್ರ ಕಿತ್ಕೋಬೇಡಿ. ಪಕ್ಕದಲ್ಲಿ ಕೂತು ಒಂದು ವಿಡಿಯೋ ನೀವೂ ನೋಡಿ. ಇದರಲ್ಲಿ ನಡೆದದ್ದು ಎಷ್ಟು, ಸೇರಿಸಿದ್ದು ಎಷ್ಟು ಅಂತ ಅವನನ್ನೇ ಕೇಳಿ. ಗೊತ್ತಿಲ್ಲ ಅಂದರೆ ಆ ವಾರದ ಎರಡು ಬೇರೆ ಬೇರೆ ಪೇಪರ್ ಹರಡಿಕೊಂಡು ಇಬ್ಬರೂ ಹುಡುಕಿ. ನಮ್ಮ ತರಗತಿಯಲ್ಲಿ ಈ ಕೆಲಸಕ್ಕೆ ಕೂತ ಮಕ್ಕಳು ಬೆಲ್ ಹೊಡೆದರೂ ಏಳೋದಿಲ್ಲ.